ಎರಡನೆಯ ಡೇಟಾಬೇಸ್: ಯಾವಾಗ ಬೇಕು, ಯಾವುದು ಬೇಕು?

ಒಂದು ಮಾರಾಟ ತಾಣದ ಹಿಂಬದಿ ಕೆಲಸ ನೋಡಿಕೊಳ್ಳುತ್ತಿದ್ದಾಗ ವಾರಕ್ಕೆ ಒಮ್ಮೆಯಾದರೂ ನನಗೆ ಬರುತ್ತಿದ್ದ ದೂರು ಒಂದಿತ್ತು: ಹುಡುಕಿದರೆ ಕಾಣುತ್ತದೆ, ಒತ್ತಿದರೆ ಇಲ್ಲ. ಮಾರಾಟಗಾರ ಎಂದೋ ತೆಗೆದುಹಾಕಿದ ಸಾಮಾನು ಹುಡುಕಾಟದ ಪುಟದಲ್ಲಿ ದೆವ್ವದಂತೆ ಉಳಿದುಕೊಂಡಿರುತ್ತಿತ್ತು. ಸಾಮಾನಿನ ಅಸಲು ದಾಖಲೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿತ್ತು, ಹುಡುಕಾಟಕ್ಕೆಂದು ಅದರ ಒಂದು ಪ್ರತಿ ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ಎಂಜಿನ್ನಿನಲ್ಲಿತ್ತು. ನಮ್ಮ ಕೋಡ್ ಮೊದಲು ಟೇಬಲ್ಲಿನ ಸಾಲನ್ನು ಅಳಿಸುತ್ತಿತ್ತು, ಆಮೇಲೆ ಎಲಾಸ್ಟಿಕ್‌ಸರ್ಚ್‌ಗೆ ಅದನ್ನೇ ಮಾಡಲು ಹೇಳುತ್ತಿತ್ತು. ಈ ಎರಡು ಕೆಲಸಗಳ ನಡುವಿನ ಕೆಲವೇ ಮಿಲಿಸೆಕೆಂಡುಗಳಲ್ಲಿ ಸರ್ವರ್ ನಿಂತು ಮತ್ತೆ ಶುರುವಾದರೆ ಎರಡನೆಯ ಮಾತು ಹೊರಡುವುದೇ ಇಲ್ಲ. ಲಾಗ್‌ನಲ್ಲಿ ಸುಳಿವೂ ಸಿಗುತ್ತಿರಲಿಲ್ಲ, ಏಕೆಂದರೆ ದೋಷವನ್ನು ಬರೆದಿಡಬೇಕಾದ ಪ್ರೋಗ್ರಾಮೇ ಸತ್ತಿರುತ್ತಿತ್ತು. ನಾವೋ ದಿನಕ್ಕೆ ನಾಲ್ಕೈದು ಸಲ ಹೊಸ ಕೋಡ್ ಏರಿಸುವವರು. ಕೊನೆಗೆ ರಾತ್ರಿ ಎರಡೂ ಕಡೆ ಹೋಲಿಸಿ ಕಸ ಗುಡಿಸುವ ಒಂದು ಸ್ಕ್ರಿಪ್ಟ್ ಬರೆದು ಕೈತೊಳೆದುಕೊಂಡೆವು.

ಇದರಲ್ಲಿ ಪೋಸ್ಟ್‌ಗ್ರೆಸ್‌ನದೂ ತಪ್ಪಿಲ್ಲ, ಎಲಾಸ್ಟಿಕ್‌ಸರ್ಚ್‌ನದೂ ತಪ್ಪಿಲ್ಲ. ತಪ್ಪಿದ್ದದ್ದು ಎರಡರ ನಡುವಿನ ಸಂದಿಯಲ್ಲಿ. ದತ್ತಾಂಶವನ್ನು ಟೇಬಲ್‌ಗಳಲ್ಲಿ ಇಡುವ ರಿಲೇಷನಲ್ ಮೇಲೋ, ಬೇರೆ ರೂಪಗಳಲ್ಲಿ ಇಡುವ ನೋ-ಎಸ್‌ಕ್ಯೂಎಲ್ ಮೇಲೋ ಎಂಬ ಚರ್ಚೆ ಇನ್ನೂ ನಡೆಯುತ್ತಲೇ ಇದೆ. ಆದರೆ ವೆಬ್ ಅಪ್ಲಿಕೇಶನ್ ಕಟ್ಟುವವರು ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ. ಒಂದು ಸಂಗತಿಯ ಬಗ್ಗೆ ಎರಡು ಡೇಟಾಬೇಸ್‌ಗಳು ಬೇರೆ ಬೇರೆ ಮಾತಾಡಿದಾಗ ಯಾರ ಮಾತನ್ನು ನಂಬುತ್ತೀರಿ? ಇದಕ್ಕೆ ಥಟ್ಟನೆ ಉತ್ತರ ಹೊಳೆಯದಿದ್ದರೆ ಎರಡನೆಯದನ್ನು ತರುವ ಸಮಯ ಇನ್ನೂ ಬಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಎರಡು ಮನೆತನಗಳು

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ರಿಲೇಷನಲ್ ಮಾದರಿಯನ್ನು ಮುಂದಿಟ್ಟಾಗ ಅದರ ಮುಖ್ಯ ಮಾತು ಸರಳವಾಗಿತ್ತು: ದತ್ತಾಂಶ ಡಿಸ್ಕಿನಲ್ಲಿ ಹೇಗೆ ಕೂತಿದೆ ಎಂಬುದು ಅದನ್ನು ಬಳಸುವ ಪ್ರೋಗ್ರಾಮಿಗೆ ಗೊತ್ತಿರಬೇಕಾಗಿಲ್ಲ. ಸಾಲು ಮತ್ತು ಕಾಲಂಗಳಲ್ಲಿ ಇಟ್ಟರೆ, ಇಡುವಾಗ ಊಹಿಸಿಯೂ ಇರದ ಪ್ರಶ್ನೆಯನ್ನು ಮುಂದೊಂದು ದಿನ ಕೇಳಬಹುದು. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್ ಎಲ್ಲವೂ ಆ ಬೇರಿನ ಚಿಗುರುಗಳು. ಇವುಗಳ ಜೊತೆಗೆ ಬಂದದ್ದು ಟ್ರಾನ್ಸಾಕ್ಷನ್: ಹತ್ತು ಬದಲಾವಣೆಗಳಿದ್ದರೆ ಹತ್ತೂ ಆಗುತ್ತವೆ, ಇಲ್ಲವೇ ಒಂದೂ ಆಗುವುದಿಲ್ಲ. ಇಂಥ ನಾಲ್ಕು ಗುಣಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಒಟ್ಟುಗೂಡಿಸಿದ 'ಆಸಿಡ್' ಎಂಬ ಹೆಸರು 1983ರದು.

ಇನ್ನೊಂದು ಮನೆತನ ಹುಟ್ಟಿದ್ದು ಒಂದೇ ಯಂತ್ರಕ್ಕೆ ಹಿಡಿಸದಷ್ಟು ದತ್ತಾಂಶ ಇದ್ದವರ ಮನೆಯಲ್ಲಿ. ಗೂಗಲ್ 2006ರಲ್ಲಿ ಬಿಗ್‌ಟೇಬಲ್ ಬಗ್ಗೆ, ಅಮೆಜಾನ್ 2007ರಲ್ಲಿ ಡೈನಮೋ ಬಗ್ಗೆ ಪ್ರಬಂಧ ಪ್ರಕಟಿಸಿದವು. 2009ರ ಹೊತ್ತಿಗೆ ಮಾಂಗೋಡಿಬಿ, ರೆಡಿಸ್ ಬಂದವು, 'ನೋ-ಎಸ್‌ಕ್ಯೂಎಲ್' ಎಂಬ ಹೆಸರು ಬಾಯಿಂದ ಬಾಯಿಗೆ ಹರಡಿತು. ಹೆಸರು ಮಾತ್ರ ದಾರಿ ತಪ್ಪಿಸುವಂಥದ್ದು. ಕೀಲಿಗೊಂದು ಮೌಲ್ಯ ಇಡುವ ರೆಡಿಸ್, ಜೇಸನ್ (ಹೆಸರು-ಮೌಲ್ಯದ ಜೋಡಿಗಳಾಗಿ ಬರೆದ ಪಠ್ಯ) ದಾಖಲೆ ಇಡುವ ಮಾಂಗೋಡಿಬಿ, ನೂರಾರು ಯಂತ್ರಗಳ ಮೇಲೆ ಹರಡಿಕೊಳ್ಳುವ ಕಸಾಂಡ್ರಾ, ಪದಗಳನ್ನು ಹುಡುಕಿಕೊಡುವ ಎಲಾಸ್ಟಿಕ್‌ಸರ್ಚ್, ನಂಟುಗಳನ್ನು ಹಿಡಿದಿಡುವ ನಿಯೋ4ಜೆ ಇವೆಲ್ಲವನ್ನೂ ಒಂದೇ ಕೊಟ್ಟಿಗೆಯಲ್ಲಿ ಕಟ್ಟಿದ್ದಾರೆ. ಇವುಗಳ ನಡುವಿನ ಸಾಮ್ಯ ಇಷ್ಟೇ: ಯಾವ ಪ್ರಶ್ನೆ ಕೇಳುತ್ತೀರಿ ಎಂಬುದನ್ನು ಮೊದಲೇ ಹೇಳಿದರೆ, ಆ ಪ್ರಶ್ನೆಗೆ ಬಹಳ ಬೇಗ ಉತ್ತರಿಸುತ್ತವೆ. ಹೊಸ ಪ್ರಶ್ನೆ ಕೇಳಿದರೆ ಮುಖ ಸಿಂಡರಿಸುತ್ತವೆ.

ಒಂದು ಅಪ್ಲಿಕೇಶನ್ನಿನಲ್ಲಿ ಕೆಲಸಕ್ಕೆ ತಕ್ಕಂತೆ ಹಲವು ಬಗೆಯ ಡೇಟಾಬೇಸ್ ಬಳಸುವುದಕ್ಕೆ 'ಪಾಲಿಗ್ಲಾಟ್ ಪರ್ಸಿಸ್ಟೆನ್ಸ್' ಎಂದು ಹೆಸರಿಟ್ಟಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಹಲವು ಭಾಷೆ ಬಲ್ಲವನ ಮನೆಯಲ್ಲಿ ಭಾಷೆಗೊಂದು ಬ್ಯಾಕಪ್, ಭಾಷೆಗೊಂದು ಆವೃತ್ತಿ ಏರಿಕೆ, ನಡುರಾತ್ರಿ ಭಾಷೆಗೊಂದು ಎಚ್ಚರಿಕೆಯ ಗಂಟೆ ಇರುವುದಿಲ್ಲ.

ಇರುವುದರಲ್ಲೇ ಆಗುತ್ತದೆಯೇ?

ಎರಡನೆಯ ಡೇಟಾಬೇಸ್‌ಗೆ ಜನ ಕೊಡುವ ಕಾರಣಗಳಲ್ಲಿ ಅರ್ಧದಷ್ಟು ಇಲ್ಲಿಯೇ ಬಿದ್ದುಹೋಗುತ್ತವೆ. ಅತ್ಯಂತ ಸಾಮಾನ್ಯವಾದದ್ದನ್ನೇ ನೋಡೋಣ. ಚಪ್ಪಲಿ, ಫ್ಯಾನ್, ಪುಸ್ತಕ ಮೂರನ್ನೂ ಮಾರುವ ತಾಣವಿದೆ. ಚಪ್ಪಲಿಗೆ ಅಳತೆ, ಫ್ಯಾನಿಗೆ ವ್ಯಾಟ್, ಪುಸ್ತಕಕ್ಕೆ ಪುಟಗಳ ಸಂಖ್ಯೆ. ಎಲ್ಲಕ್ಕೂ ಕಾಲಂ ಮಾಡಿದರೆ ಟೇಬಲ್ಲಿನ ಬಹುಭಾಗ ಖಾಲಿ. ಗುಣಕ್ಕೊಂದು ಸಾಲಿನಂತೆ ಬೇರೆ ಟೇಬಲ್ ಮಾಡಿದರೆ ಒಂದು ಪುಟ ತೋರಿಸಲು ಆರು ಜಾಯಿನ್, ಅಂದರೆ ಟೇಬಲ್‌ಗಳ ಜೋಡಣೆ. ಹಾಗಾಗಿ ಮಾಂಗೋಡಿಬಿ ಬೇಕು ಎಂಬುದು ವಾದ.

ಈ ವಾದಕ್ಕೆ 2014ರವರೆಗೆ ತೂಕವಿತ್ತು. ಆ ವರ್ಷ ಬಂದ ಪೋಸ್ಟ್‌ಗ್ರೆಸ್ 9.4ರಲ್ಲಿ ಜೇಸನ್ ದಾಖಲೆಯನ್ನೇ ಹಿಡಿದಿಡುವ ಜೇಸನ್‌ಬಿ ಎಂಬ ಕಾಲಂ ಬಗೆ ಸೇರಿತು. ಮರುವರ್ಷ ಮೈಎಸ್‌ಕ್ಯೂಎಲ್ 5.7 ಕೂಡ ತನ್ನ ಜೇಸನ್ ಬಗೆಯನ್ನು ತಂದಿತು. ಈಗ ಹೆಸರು, ಬೆಲೆ, ದಾಸ್ತಾನು, ಮಾರಾಟಗಾರನ ಸಂಖ್ಯೆ ಇವನ್ನು ಸಾಮಾನ್ಯ ಕಾಲಂಗಳಾಗಿ ಇಟ್ಟು, ಸಾಮಾನಿನಿಂದ ಸಾಮಾನಿಗೆ ಬದಲಾಗುವ ಗುಣಗಳನ್ನು ಒಂದು ಜೇಸನ್‌ಬಿ ಕಾಲಮ್ಮಿಗೆ ಹಾಕಬಹುದು. ಅದಕ್ಕೆ ಜಿನ್ ಎಂಬ ಬಗೆಯ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಹಾಕಿದರೆ 'ಬಣ್ಣ ಕಪ್ಪು, ಅಳತೆ 9' ಎಂಬ ಹುಡುಕಾಟವೂ ಬೇಗ ಆಗುತ್ತದೆ. ಮುಖ್ಯವಾಗಿ, ದಾಸ್ತಾನು ಇಳಿಸುವುದು ಮತ್ತು ಆರ್ಡರ್ ಬರೆಯುವುದು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಉಳಿಯುತ್ತವೆ.

ಮಿತಿಗಳೂ ಇವೆ, ಅವನ್ನು ಮುಚ್ಚಿಡಬಾರದು. ಜೇಸನ್‌ಬಿ ಒಳಗಿನ ಒಂದೊಂದು ಕೀಲಿಯ ಬಗ್ಗೆ ಪೋಸ್ಟ್‌ಗ್ರೆಸ್ ಅಂಕಿಅಂಶ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಎಷ್ಟು ಸಾಲು ಸಿಗಬಹುದು ಎಂಬ ಅದರ ಅಂದಾಜು ಕೆಲವೊಮ್ಮೆ ಪೂರ್ತಿ ಅಡ್ಡದಾರಿ ಹಿಡಿಯುತ್ತದೆ, ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳಿದ ಪ್ರಶ್ನೆ, ನಿಧಾನವಾಗುತ್ತದೆ. ಪದೇ ಪದೇ ಸೋಸುವ ಕೀಲಿಗೆ ಎಕ್ಸ್‌ಪ್ರೆಷನ್ ಇಂಡೆಕ್ಸ್ (ಆ ಕೀಲಿಯ ಮೌಲ್ಯಕ್ಕಷ್ಟೇ ಕಟ್ಟುವ ಸೂಚಿ) ಹಾಕಿದರೆ ಆ ಒಂದಕ್ಕೆ ಅಂಕಿಅಂಶ ಸಿಗುತ್ತದೆ, ಅಥವಾ ಅದನ್ನು ನಿಜವಾದ ಕಾಲಂ ಆಗಿ ಹೊರಗೆ ತೆಗೆಯಬಹುದು. ಇನ್ನೊಂದು ಮಿತಿ ಬರೆಯುವುದರಲ್ಲಿದೆ. ದೊಡ್ಡ ಜೇಸನ್‌ನ ಒಳಗೆ ಒಂದೇ ಅಂಕಿ ಬದಲಾಯಿಸಿದರೂ ಇಡೀ ಜೇಸನ್ ಅನ್ನು ಹೊಸದಾಗಿ ಬರೆಯಬೇಕು. ಪುಟ ನೋಡಿದವರ ಎಣಿಕೆಯನ್ನು ಜೇಸನ್‌ಬಿ ಒಳಗೆ ಇಟ್ಟು ಕ್ಲಿಕ್ಕಿಗೊಮ್ಮೆ ಏರಿಸುವುದು ಡಿಸ್ಕಿಗೆ ಕೊಡುವ ಶಿಕ್ಷೆ.

ಇದೇ ರೀತಿ, ಹಿನ್ನೆಲೆಯ ಕೆಲಸಗಳ ಸರದಿ ಸಾಲಿಗೆ ಬೇರೆ ಸರ್ವರ್ ಬೇಕಿಲ್ಲ. 2016ರಲ್ಲಿ ಬಂದ ಪೋಸ್ಟ್‌ಗ್ರೆಸ್‌ನ 9.5ನೇ ಆವೃತ್ತಿಯಿಂದ 'ಸ್ಕಿಪ್ ಲಾಕ್ಡ್' ಇದೆ. ಒಬ್ಬ ಕೆಲಸಗಾರ ಹಿಡಿದ ಸಾಲನ್ನು ಇನ್ನೊಬ್ಬ ಕಾಯದೆ ದಾಟಿಕೊಂಡು ಮುಂದಿನದನ್ನು ಎತ್ತಿಕೊಳ್ಳುತ್ತಾನೆ. ಸಾಧಾರಣ ಪದ ಹುಡುಕಾಟ ಪೋಸ್ಟ್‌ಗ್ರೆಸ್‌ನಲ್ಲೇ ಇದೆ. ನಕ್ಷೆಗೆ ಪೋಸ್ಟ್‌ಜಿಐಎಸ್, ವೆಕ್ಟರ್ ಹುಡುಕಾಟಕ್ಕೆ (ಅಂಕಿಗಳ ಸಾಲಾಗಿಸಿ ಹೋಲುವುದನ್ನು ಹುಡುಕುವುದು) ಪಿಜಿವೆಕ್ಟರ್ ಇವೆ. ಒಂದು ಕ್ವೆರಿ ನಿಧಾನವಾಯಿತೆಂದು ಇಡೀ ಡೇಟಾಬೇಸ್ ಬದಲಿಸಲು ಹೊರಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಕ್ವೆರಿಯನ್ನು ಹೇಗೆ ನಡೆಸುತ್ತೇನೆ ಎಂದು ಡೇಟಾಬೇಸ್ ತಾನೇ ಹೇಳುವ 'ಎಕ್ಸ್‌ಪ್ಲೇನ್' ಆದೇಶವನ್ನು ಮೊದಲು ಓಡಿಸಿ ನೋಡಿ. ನಾನು ಕಂಡ 'ಪೋಸ್ಟ್‌ಗ್ರೆಸ್ ಸಾಲದು' ಪ್ರಕರಣಗಳಲ್ಲಿ ಹೆಚ್ಚಿನವು ಒಂದು ಇಂಡೆಕ್ಸಿನಿಂದ ಮುಗಿದಿವೆ.

ರೆಡಿಸ್ ಜೊತೆಗೆ: ಎಲ್ಲರೂ ಮಾಡುವ ಮೊದಲ ಜೋಡಿ

ಇಷ್ಟರ ಮೇಲೂ ಎರಡನೆಯದು ಬೇಕಾದರೆ ಮೊದಲು ಬರುವುದು ರೆಡಿಸ್. ಮೆಮೊರಿಯಲ್ಲಿ ಇರುವುದರಿಂದ ವೇಗ, ಕೀಲಿಗೊಂದು ಆಯಸ್ಸು ಕಟ್ಟಬಹುದಾದ್ದರಿಂದ ಅನುಕೂಲ. ಲಾಗಿನ್ ಸೆಷನ್, ಒಂದು ನಿಮಿಷಕ್ಕೆ ಇಷ್ಟೇ ಸಲ ಎಂಬ ಮಿತಿಯ ಎಣಿಕೆ, ಒಟಿಪಿ, ಆಟದ ಅಂಕಪಟ್ಟಿಯ ಮೊದಲ ನೂರು ಹೆಸರು, ಇವಕ್ಕೆಲ್ಲ ಅದರಷ್ಟು ಹೊಂದುವುದು ಇನ್ನೊಂದಿಲ್ಲ. ಕಳೆದುಹೋದರೆ ಯಾರೂ ಅಳದ ದತ್ತಾಂಶ ಇವು.

ರೆಡಿಸ್ ಅನ್ನು ಕ್ಯಾಶ್ (ಬೇಗ ಓದಲೆಂದು ಇಡುವ ತಾತ್ಕಾಲಿಕ ಪ್ರತಿಗಳ ಜಾಗ) ಆಗಿ ಬಳಸುವಾಗ ಎಲ್ಲರೂ ಅನುಸರಿಸುವ ಪದ್ಧತಿ ಇದು: ಮೊದಲು ರೆಡಿಸ್‌ನಲ್ಲಿ ನೋಡು, ಇಲ್ಲದಿದ್ದರೆ ಡೇಟಾಬೇಸ್‌ನಿಂದ ಓದಿ ರೆಡಿಸ್‌ನಲ್ಲಿ ಇಡು, ಬದಲಾದಾಗ ಆ ಕೀಲಿಯನ್ನು ಅಳಿಸು. ಇದರಲ್ಲಿ ಒಂದು ಸಣ್ಣ ಬಿಲವಿದೆ. ಬೆಲೆ 500 ಎಂದಿದೆ, ಕ್ಯಾಶ್ ಖಾಲಿ ಇದೆ. ಒಂದು ವಿನಂತಿ ಡೇಟಾಬೇಸ್‌ನಿಂದ 500 ಓದಿತು, ಇನ್ನೂ ಕ್ಯಾಶಿಗೆ ಬರೆದಿಲ್ಲ. ಅಷ್ಟರಲ್ಲಿ ಇನ್ನೊಂದು ವಿನಂತಿ ಬೆಲೆಯನ್ನು 450 ಮಾಡಿ, ಕ್ಯಾಶಿನ ಕೀಲಿಯನ್ನು ಅಳಿಸಿತು. ಅಲ್ಲಿ ಅಳಿಸಲು ಏನೂ ಇರಲಿಲ್ಲ. ಈಗ ಮೊದಲನೆಯದು ಎಚ್ಚೆತ್ತು ತನ್ನ ಹಳೆಯ 500 ಅನ್ನು ಕ್ಯಾಶಿಗೆ ಬರೆಯಿತು. ಡೇಟಾಬೇಸ್ 450 ಎನ್ನುತ್ತದೆ, ಪುಟ 500 ಎನ್ನುತ್ತದೆ, ಆ ಕೀಲಿಗೆ ಆಯಸ್ಸು ಕಟ್ಟಿರದಿದ್ದರೆ ಮುಂದಿನ ಬದಲಾವಣೆಯವರೆಗೂ ಹಾಗೆಯೇ ಇರುತ್ತದೆ. ಆದ್ದರಿಂದ ಕ್ಯಾಶಿಗೆ ಇಡುವ ಪ್ರತಿ ಕೀಲಿಗೂ ಆಯಸ್ಸು ಇರಲೇಬೇಕು, ಹಣ ಕಡಿತವಾಗುವ ಹಂತದಲ್ಲಿ ಬೆಲೆಯನ್ನು ಕ್ಯಾಶಿನಿಂದ ಓದಲೇಬಾರದು.

ಇನ್ನೊಂದು ತೊಂದರೆ ಜನಜಂಗುಳಿ ಇರುವಾಗಲೇ ಬರುತ್ತದೆ. ಮುಖಪುಟದ ಕೀಲಿಯ ಆಯಸ್ಸು ಮುಗಿದ ಕ್ಷಣದಲ್ಲಿ ಸಾವಿರ ವಿನಂತಿಗಳು ಒಟ್ಟಿಗೆ ಬಂದರೆ ಸಾವಿರವೂ ಡೇಟಾಬೇಸ್ ಮೇಲೆ ಮುಗಿಬೀಳುತ್ತವೆ. ಒಬ್ಬನಿಗೆ ಮಾತ್ರ ಹೊಸದನ್ನು ತರಲು ಬಿಟ್ಟು ಉಳಿದವರಿಗೆ ಹಳೆಯದನ್ನೇ ಕೊಡುವುದು, ಆಯಸ್ಸಿಗೆ ಕೆಲವು ಸೆಕೆಂಡುಗಳ ಏರುಪೇರು ಸೇರಿಸುವುದು, ಇವು ರೂಢಿಯ ಪರಿಹಾರಗಳು.

ರೆಡಿಸ್ ಡಿಸ್ಕಿಗೂ ಬರೆಯುತ್ತದೆಯಲ್ಲ, ಅದನ್ನೇ ಮುಖ್ಯ ಡೇಟಾಬೇಸ್ ಮಾಡಬಾರದೇಕೆ ಎಂದು ಕೇಳುವವರಿದ್ದಾರೆ. ಮಾಡಬಹುದು, ಆದರೆ ಷರತ್ತು ಓದಿಕೊಂಡು ಮಾಡಬೇಕು. ಬದಲಾವಣೆಗಳನ್ನು ಕಡತಕ್ಕೆ ಸೇರಿಸುತ್ತಾ ಹೋಗುವ ಎಒಎಫ್ ವಿಧಾನದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಡಿಸ್ಕಿಗೆ ಇಳಿಸಲಾಗುತ್ತದೆ. ವಿದ್ಯುತ್ ಹೋದರೆ ಆ ಕೊನೆಯ ಒಂದು ಸೆಕೆಂಡಿನ ಬರಹ ಹೋಗಬಹುದು. ಖರೀದಿಯ ಬುಟ್ಟಿ ಹೋದರೆ ಗ್ರಾಹಕ ಗೊಣಗುತ್ತಾನೆ, ಪಾವತಿಯ ದಾಖಲೆ ಹೋದರೆ ವಕೀಲ ಬರುತ್ತಾನೆ.

ನನ್ನ ಪರೀಕ್ಷೆ ಒಂದೇ. ಪರೀಕ್ಷಾ ಸರ್ವರ್‌ನಲ್ಲಿ ರೆಡಿಸ್ ಪೂರ್ತಿ ಖಾಲಿ ಮಾಡಿ. ತಾಣ ನಿಧಾನವಾದರೆ, ಜನ ಮತ್ತೆ ಲಾಗಿನ್ ಆಗಬೇಕಾದರೆ ಸರಿ. ತಪ್ಪು ಉತ್ತರ ಕೊಡತೊಡಗಿದರೆ, ನಿಮಗೆ ಗೊತ್ತಿಲ್ಲದೆಯೇ ಅದು ನಿಮ್ಮ ಮುಖ್ಯ ಡೇಟಾಬೇಸ್ ಆಗಿಬಿಟ್ಟಿದೆ. (2024ರಲ್ಲಿ ರೆಡಿಸ್ ತನ್ನ ಪರವಾನಗಿಯನ್ನು ಬಿಗಿ ಮಾಡಿದ್ದರಿಂದ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ವಾಲ್ಕಿ ಎಂಬ ಕವಲು ಹುಟ್ಟಿತು. ಮೇಲಿನ ಮಾತುಗಳು ಅದಕ್ಕೂ ಅನ್ವಯ.)

ಹುಡುಕಾಟದ ಎಂಜಿನ್ ಜೊತೆಗೆ

ಅಕ್ಷರ ತಪ್ಪಿದರೂ ಸರಿಯಾದದ್ದನ್ನು ಹುಡುಕಬೇಕು, ಹೆಚ್ಚು ಹೊಂದುವುದು ಮೇಲೆ ಬರಬೇಕು, ಪಕ್ಕದಲ್ಲಿ 'ಕಪ್ಪು 42, ಬಿಳಿ 17' ಎಂಬ ಎಣಿಕೆಯೂ ತೋರಬೇಕು ಎಂದಾಗ ಪೋಸ್ಟ್‌ಗ್ರೆಸ್‌ನ ಹುಡುಕಾಟ ಏದುಸಿರು ಬಿಡುತ್ತದೆ. ಆಗ ಎಲಾಸ್ಟಿಕ್‌ಸರ್ಚ್ ಅಥವಾ ಅದರ ಕವಲಾದ ಓಪನ್‌ಸರ್ಚ್ ತರುವುದು ನ್ಯಾಯವೇ. ಎರಡನೆಯ ಡೇಟಾಬೇಸ್‌ಗಳಲ್ಲಿ ನನಗೆ ಅತಿ ಕಡಿಮೆ ತಕರಾರಿರುವುದು ಇದರ ಬಗ್ಗೆ, ಏಕೆಂದರೆ ಇದು ಸ್ವಭಾವತಃ ಪ್ರತಿ. ಕೆಟ್ಟರೆ ಟೇಬಲ್ಲಿನಿಂದ ಮತ್ತೆ ಕಟ್ಟಬಹುದು.

'ಕಟ್ಟಬಹುದು' ಎಂಬುದು ಬಾಯಿಮಾತಾಗಬಾರದು. ಎಲಾಸ್ಟಿಕ್‌ಸರ್ಚ್‌ನಲ್ಲಿ ಇರುವ ಕ್ಷೇತ್ರದ ಬಗೆಯನ್ನು ಸುಮ್ಮನೆ ಬದಲಿಸಲಾಗದು. ಹೊಸ ಇಂಡೆಕ್ಸ್ (ಇಲ್ಲಿ ದಾಖಲೆಗಳ ಸಂಗ್ರಹಕ್ಕೇ ಈ ಹೆಸರು) ಕಟ್ಟಿ, ಎಲ್ಲ ದಾಖಲೆಗಳನ್ನೂ ತುಂಬಿಸಿ, ಅಡ್ಡಹೆಸರನ್ನು ಹಳೆಯದರಿಂದ ಹೊಸದಕ್ಕೆ ತಿರುಗಿಸಬೇಕು. ಕೋಡ್ ಮೊದಲ ದಿನದಿಂದಲೇ ಇಂಡೆಕ್ಸಿನ ನಿಜವಾದ ಹೆಸರಿನ ಬದಲು ಅಡ್ಡಹೆಸರನ್ನೇ ಬಳಸುತ್ತಿದ್ದರೆ ಇದು ಮಧ್ಯಾಹ್ನದ ಕೆಲಸ, ಇಲ್ಲದಿದ್ದರೆ ವಾರಾಂತ್ಯದ ಕೆಲಸ. ಮತ್ತೊಂದು: ಬರೆದದ್ದು ಹುಡುಕಾಟಕ್ಕೆ ಸಿಗಲು ಸಾಮಾನ್ಯವಾಗಿ ಒಂದು ಸೆಕೆಂಡ್ ಬೇಕು. ಮಾರಾಟಗಾರ ಸಾಮಾನು ಸೇರಿಸಿ 'ಉಳಿಸು' ಒತ್ತಿದ ಕೂಡಲೇ ತನ್ನ ಪಟ್ಟಿ ನೋಡಿದರೆ ಅದು ಇರುವುದಿಲ್ಲ, ಮತ್ತೆ ಸೇರಿಸುತ್ತಾನೆ, ಎರಡಾಗುತ್ತದೆ. ಸೇರಿಸಿದವನಿಗೆ ಅವನ ಪಟ್ಟಿಯನ್ನು ಮುಖ್ಯ ಡೇಟಾಬೇಸ್‌ನಿಂದಲೇ ತೋರಿಸಿ. ಹುಡುಕುವ ಅಪರಿಚಿತರಿಗೆ ಒಂದು ಸೆಕೆಂಡ್ ತಡವಾದರೆ ಏನೂ ಆಗುವುದಿಲ್ಲ.

ಮಾಂಗೋಡಿಬಿ ಜೊತೆಗೆ

ಇಲ್ಲಿ ವಿಷಯ ಕಗ್ಗಂಟಾಗುತ್ತದೆ. ರೆಡಿಸ್ ಮತ್ತು ಎಲಾಸ್ಟಿಕ್‌ಸರ್ಚ್ ಪ್ರತಿಗಳನ್ನು ಇಟ್ಟುಕೊಳ್ಳುತ್ತವೆ. ಮಾಂಗೋಡಿಬಿ ತಂದವರು ಬಹುಮಟ್ಟಿಗೆ ಅಸಲನ್ನೇ ಅಲ್ಲಿ ಇಡುತ್ತಾರೆ. ಬಳಕೆದಾರರು ಮತ್ತು ಆರ್ಡರ್ ಪೋಸ್ಟ್‌ಗ್ರೆಸ್‌ನಲ್ಲಿ, ಸಾಮಾನುಗಳ ವಿವರ ಮಾಂಗೋದಲ್ಲಿ ಎಂಬ ವಿನ್ಯಾಸ ಚಿತ್ರ ಬರೆದಾಗ ಅಂದವಾಗಿ ಕಾಣುತ್ತದೆ. ಆರ್ಡರಿನಲ್ಲಿ ಸಾಮಾನಿನ ಸಂಖ್ಯೆ ಇದೆ, ಆ ಸಾಮಾನು ಮಾಂಗೋದಲ್ಲಿ ಇದೆಯೇ ಎಂದು ಖಾತ್ರಿ ಮಾಡಲು ಫಾರಿನ್ ಕೀ (ಒಂದು ಟೇಬಲ್ಲಿನ ಸಂಖ್ಯೆ ಇನ್ನೊಂದರಲ್ಲಿ ಇರಲೇಬೇಕೆಂಬ ಕಟ್ಟುಪಾಡು) ಇಲ್ಲ. ಮಾಂಗೋಡಿಬಿಯಲ್ಲಿ 2018ರ 4.0ನೇ ಆವೃತ್ತಿಯಿಂದ ಹಲವು ದಾಖಲೆಗಳನ್ನು ಒಳಗೊಂಡ ಟ್ರಾನ್ಸಾಕ್ಷನ್ ಇದೆ, ಆದರೆ ಅದು ಪಕ್ಕದ ಮನೆಯ ಪೋಸ್ಟ್‌ಗ್ರೆಸ್ ಅನ್ನು ಒಳಗೊಳ್ಳುವುದಿಲ್ಲ. ತಿಂಗಳ ಕೊನೆಗೆ 'ಯಾವ ಬಗೆಯ ಸಾಮಾನು ಎಷ್ಟು ಮಾರಿತು' ಎಂಬ ವರದಿ ಕೇಳಿದರೆ ಎರಡೂ ಕಡೆಯಿಂದ ತಂದು ಕೋಡಿನಲ್ಲಿ ಹೊಲಿಯಬೇಕು.

ಹಾಗಾದರೆ ಈ ಜೋಡಿ ಎಂದಿಗೂ ಬೇಡವೇ? ಬೇಡವೆನ್ನಲಾರೆ. ಒಟ್ಟಿಗೇ ಬರೆದು ಒಟ್ಟಿಗೇ ಓದುವ, ಬೇರೆಯದರ ಜೊತೆ ಹೆಚ್ಚು ನಂಟಿಲ್ಲದ, ಆಕಾರ ಪದೇ ಪದೇ ಬದಲಾಗುವ ದತ್ತಾಂಶಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ. ಬಳಕೆದಾರರೇ ವಿನ್ಯಾಸ ಮಾಡಿಕೊಳ್ಳುವ ಅರ್ಜಿಗಳು ಮತ್ತು ಅವಕ್ಕೆ ಬಂದ ಉತ್ತರಗಳು, ಹೊರಗಿನ ಸೇವೆಗಳಿಂದ ಬರುವ ಕಚ್ಚಾ ಜೇಸನ್, ಉಪಕರಣಗಳು ಕಳಿಸುವ ಸ್ಥಿತಿ ವರದಿ, ಇಂಥವು. ಪ್ರಮಾಣ ಒಂದು ಯಂತ್ರವನ್ನು ಮೀರುವ ಸೂಚನೆ ಇದ್ದರೆ ಮಾಂಗೋದ ಹಂಚಿಕೆ ವ್ಯವಸ್ಥೆಗೆ ನಿಜವಾದ ಬೆಲೆ ಇದೆ. ಒಂದು ದಾಖಲೆಗೆ 16 ಎಂಬಿ ಮಿತಿ ಇರುವುದನ್ನು ನೆನಪಿಡಿ. ಲೇಖನದ ದಾಖಲೆಯೊಳಗೇ ಅದರ ಪ್ರತಿಕ್ರಿಯೆಗಳನ್ನೆಲ್ಲ ಸೇರಿಸುತ್ತಾ ಹೋದವರು ಒಂದಲ್ಲ ಒಂದು ದಿನ ಆ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾರೆ, ಗೋಡೆ ಸಿಗುವ ಮೊದಲೇ ನಿಧಾನವಾಗಿರುತ್ತಾರೆ.

ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ತನ್ನ ಲೇಖನ ಭಂಡಾರವನ್ನು ಮಾಂಗೋಡಿಬಿಯಿಂದ ಪೋಸ್ಟ್‌ಗ್ರೆಸ್‌ಗೆ ಸಾಗಿಸಿದ ಬಗ್ಗೆ 2018ರಲ್ಲಿ ವಿವರವಾಗಿ ಬರೆದಿತ್ತು. ಲೇಖನಗಳು ಹೊಸ ಮನೆಯಲ್ಲೂ ಜೇಸನ್ ಆಗಿಯೇ, ಜೇಸನ್‌ಬಿ ಕಾಲಮ್ಮಿನಲ್ಲಿ ಉಳಿದವು. ಅವರನ್ನು ಸಾಗುವಂತೆ ಮಾಡಿದ್ದು ದತ್ತಾಂಶದ ಆಕಾರಕ್ಕಿಂತ ಹೆಚ್ಚಾಗಿ ಡೇಟಾಬೇಸ್ ಅನ್ನು ನಡೆಸಿಕೊಂಡು ಹೋಗುವ ಹೊರೆ. ಆಯ್ಕೆಯ ಪಟ್ಟಿಯಲ್ಲಿ ಈ ಹೊರೆಗೆ ನಾವು ಒಂದು ಕಾಲಂ ಕೊಡುವುದೇ ಅಪರೂಪ.

ಇಲ್ಲೊಂದು ಮಾತು ಸೇರಿಸಬೇಕು. ಆರ್ಡರಿನ ಸಾಲಿನಲ್ಲಿ ಸಾಮಾನಿನ ಹೆಸರು, ಬೆಲೆಯನ್ನು ಮತ್ತೆ ಬರೆದಿಟ್ಟರೆ 'ನಕಲು ಮಾಡಿದಿರಿ' ಎಂದು ಆಕ್ಷೇಪಿಸುವವರಿದ್ದಾರೆ. ಅದು ನಕಲಲ್ಲ. ಸಾಮಾನಿನ ಇಂದಿನ ಬೆಲೆ ಒಂದು ಸಂಗತಿ, ಅಂದು ಗ್ರಾಹಕ ಒಪ್ಪಿಕೊಂಡ ಬೆಲೆ ಇನ್ನೊಂದು ಸಂಗತಿ. ಮೊದಲನೆಯದು ಬದಲಾದಾಗ ಎರಡನೆಯದು ಬದಲಾಗಲೇಬಾರದು.

ಕಸಾಂಡ್ರಾ, ಗ್ರಾಫ್

ಬರಹ ಎಡೆಬಿಡದೆ ಸುರಿಯುವ ಕಡೆ, ಸಂದೇಶ, ಸ್ಥಳದ ಜಾಡು, ಅಳತೆಗಳ ಸರಣಿ ಇವಕ್ಕೆ ಕಸಾಂಡ್ರಾ ಬಗೆಯವು. ಡಿಸ್ಕಾರ್ಡ್ ಎಂಬ ಹರಟೆಯ ಸೇವೆಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 2015ರ ನವೆಂಬರ್ ಹೊತ್ತಿಗೆ ಅವರ ಮಾಂಗೋಡಿಬಿಯಲ್ಲಿ 10 ಕೋಟಿ ಸಂದೇಶಗಳಿದ್ದವು. ದತ್ತಾಂಶ ಮತ್ತು ಇಂಡೆಕ್ಸ್ ಮೆಮೊರಿಗೆ ಹಿಡಿಸದಾದಾಗ ವೇಗ ಏರುಪೇರಾಯಿತು. ಕಸಾಂಡ್ರಾಗೆ ಹೋದರು. ಚಾನೆಲ್ ಮತ್ತು ಕಾಲದ ತುಂಡು ಸೇರಿಸಿ ಕೀಲಿ ಮಾಡಿಕೊಂಡರು, ಏಕೆಂದರೆ ಅವರ ಪ್ರಶ್ನೆ ಒಂದೇ: ಈ ಚಾನೆಲ್ಲಿನ ಇತ್ತೀಚಿನ ಸಂದೇಶಗಳು ಯಾವುವು? ಆಮೇಲೆ ಎದುರಾದ ಪೇಚಾಟವೂ ಕಲಿಸುವಂಥದ್ದು. ಒಂದು ಚಾನೆಲ್ಲಿನಲ್ಲಿ ಲಕ್ಷಾಂತರ ಸಂದೇಶಗಳನ್ನು ಅಳಿಸಿ ಒಂದನ್ನಷ್ಟೇ ಉಳಿಸಿದ್ದರು. ಕಸಾಂಡ್ರಾ ಅಳಿಸಿದ್ದನ್ನು ಕೂಡಲೇ ತೆಗೆಯದೆ ಒಂದು ಗೋರಿಕಲ್ಲು ನೆಡುತ್ತದೆ. ಉಳಿದ ಒಂದನ್ನು ತೋರಿಸಲು ಅಷ್ಟೂ ಗೋರಿಗಳನ್ನು ದಾಟಿ ಹೋಗಬೇಕಾಯಿತು. 2022ರಲ್ಲಿ ಅವರು ಕಸಾಂಡ್ರಾಕ್ಕೆ ಹೊಂದುವಂತೆ ಕಟ್ಟಿದ ಸಿಲಾಡಿಬಿಗೆ ಸಾಗಿದರು. ನಿಮ್ಮಲ್ಲಿ 10 ಕೋಟಿ ಸಂದೇಶ ಇಲ್ಲದಿದ್ದರೆ ಈ ಬಗೆಯನ್ನು ಬಿಟ್ಟುಬಿಡಿ. ಸಮಯಕ್ಕೆ ತಕ್ಕಂತೆ ಭಾಗ ಮಾಡಿದ ಪೋಸ್ಟ್‌ಗ್ರೆಸ್ ಟೇಬಲ್ ಬಹಳ ದೂರ ಬರುತ್ತದೆ.

ಗ್ರಾಫ್, ಅಂದರೆ ನಂಟುಗಳ ಜಾಲ ಇಡುವ ಡೇಟಾಬೇಸ್, ಬಗ್ಗೆ ಎರಡೇ ಮಾತು. ಗೆಳೆಯನ ಗೆಳೆಯನ ತನಕ ಎಸ್‌ಕ್ಯೂಎಲ್‌ನಲ್ಲೇ ಇರುವ, ಹೆಜ್ಜೆ ಹೆಜ್ಜೆಯಾಗಿ ನಂಟು ಹಿಡಿದು ಹೋಗುವ 'ವಿತ್ ರಿಕರ್ಸಿವ್' ಸಾಕು. ಆರು ಹೆಜ್ಜೆ ಆಚೆಗಿನ ವಂಚನೆಯ ಜಾಲ ಹುಡುಕುವುದೇ ನಿಮ್ಮ ಉದ್ಯೋಗವಾದರೆ ನಿಯೋ4ಜೆ ನೋಡಿ.

ಎರಡನ್ನೂ ಕಟ್ಟುವ ಹಗ್ಗ

ಯಾವ ಜೋಡಿ ಆರಿಸಿದರೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ಕೋಡಿನಿಂದಲೇ ಎರಡೂ ಕಡೆ ಬರೆಯುವುದು ಎರಡು ದೋಣಿಯಲ್ಲಿ ಕಾಲಿಟ್ಟಂತೆ, ನಡುವೆ ಏನಾದರೂ ಆದರೆ ನೀರಿಗೆ. ಕ್ರಮ ತಿರುಗಿಸಿದರೂ ಪ್ರಯೋಜನವಿಲ್ಲ, ಬೀಳುವ ಬದಿ ಬದಲಾಗುತ್ತದೆ ಅಷ್ಟೇ. ಎರಡು ಹಂತದ ಕಮಿಟ್ (ಎಲ್ಲರಿಂದ ಮೊದಲು 'ಸಿದ್ಧ' ಎನ್ನಿಸಿ, ಆಮೇಲೆ ಬದಲಾವಣೆ ಖಾಯಂ ಮಾಡುವುದು) ಎಂಬ ಹಳೆಯ ಉಪಾಯವನ್ನು ಪೋಸ್ಟ್‌ಗ್ರೆಸ್ ಬಲ್ಲದು, ಆದರೆ ರೆಡಿಸ್, ಎಲಾಸ್ಟಿಕ್‌ಸರ್ಚ್ ಆ ಆಟಕ್ಕೆ ಬರುವುದಿಲ್ಲ. ಉಳಿಯುವುದು ಎರಡು ದಾರಿ.

ಮೊದಲನೆಯದು ಔಟ್‌ಬಾಕ್ಸ್. ಮುಖ್ಯ ಡೇಟಾಬೇಸ್‌ನಲ್ಲೇ ಒಂದು ಸಣ್ಣ ಟೇಬಲ್. ಸಾಮಾನನ್ನು ಬದಲಿಸುವ ಅದೇ ಟ್ರಾನ್ಸಾಕ್ಷನ್‌ನಲ್ಲಿ 'ಸಾಮಾನು 8812 ಬದಲಾಗಿದೆ' ಎಂಬ ಚೀಟಿ ಆ ಟೇಬಲ್ಲಿಗೆ ಬೀಳುತ್ತದೆ. ಬದಲಾವಣೆ ಉಳಿದರೆ ಚೀಟಿಯೂ ಉಳಿಯುತ್ತದೆ, ಹೋದರೆ ಎರಡೂ ಹೋಗುತ್ತವೆ. ಬೇರೊಂದು ಕೆಲಸಗಾರ ಪ್ರೋಗ್ರಾಂ ಚೀಟಿಗಳನ್ನು ಎತ್ತಿಕೊಂಡು ಎರಡನೆಯ ಡೇಟಾಬೇಸ್‌ಗೆ ತಲುಪಿಸುತ್ತದೆ. ತಲುಪಿಸಿದ ಮೇಲೆ, ಚೀಟಿ ಹರಿಯುವ ಮೊದಲು ಅದು ಸತ್ತರೆ ಅದೇ ಚೀಟಿ ಮತ್ತೆ ಹೋಗುತ್ತದೆ. ಹಾಗಾಗಿ ಎರಡು ಸಲ ಬಂದರೂ ಫಲ ಒಂದೇ ಆಗುವಂತೆ ಬರೆಯಬೇಕು.

ಇದರಲ್ಲಿ ಬಲ್ಲವರೂ ಎಡವುವ ಒಂದು ಜಾಗವಿದೆ. ಕೆಲಸಗಾರ 'ನಾನು 42ರವರೆಗೆ ಓದಿದ್ದೇನೆ' ಎಂದು ಕೊನೆಯ ಸಂಖ್ಯೆಯನ್ನಷ್ಟೇ ನೆನಪಿಟ್ಟುಕೊಂಡರೆ ಚೀಟಿ ಕಳೆದುಹೋಗುತ್ತದೆ. ಸಂಖ್ಯೆ ಸಿಗುವುದು ಬರೆಯುವಾಗ, ಕಾಣುವುದು ಕಮಿಟ್ ಆದಾಗ. 41ನೇ ಚೀಟಿಯ ಟ್ರಾನ್ಸಾಕ್ಷನ್ ನಿಧಾನವಾಗಿದ್ದು 42ನೆಯದು ಮೊದಲು ಮುಗಿದರೆ, ಕೆಲಸಗಾರ 42 ನೋಡಿ ಮುಂದೆ ಹೋಗಿರುತ್ತಾನೆ. ಆಮೇಲೆ ಪ್ರತ್ಯಕ್ಷವಾದ 41ನ್ನು ಯಾರೂ ಕೇಳುವುದಿಲ್ಲ. ಸಂಖ್ಯೆ ನೆನಪಿಡುವ ಬದಲು, ಮುಗಿದ ಚೀಟಿಯನ್ನು ಅಳಿಸುವುದೇ ಸುರಕ್ಷಿತ.

ಎರಡನೆಯ ದಾರಿ, ಡೇಟಾಬೇಸ್ ತನ್ನ ರಕ್ಷಣೆಗೆ ಬರೆದುಕೊಳ್ಳುವ ಲಾಗ್ ಅನ್ನೇ ಓದುವುದು. ಡೆಬೀಜಿಯಂ ಎಂಬ ಪ್ರೋಗ್ರಾಂ ಈ ಕೆಲಸ ಮಾಡುತ್ತದೆ, ಸಾಮಾನ್ಯವಾಗಿ ಕಾಫ್ಕಾ ಎಂಬ ಸಂದೇಶ ಸಾಗಿಸುವ ವ್ಯವಸ್ಥೆಯ ಮೂಲಕ ಹಂಚುತ್ತದೆ. ಕೋಡ್ ಮುಟ್ಟಬೇಕಿಲ್ಲ, ಯಾರೋ ನೇರವಾಗಿ ಟೇಬಲ್ ತಿದ್ದಿದರೂ ಗೊತ್ತಾಗುತ್ತದೆ. ಆದರೆ ಓದುವ ಪ್ರೋಗ್ರಾಂ ನಿಂತುಹೋದರೆ ಪೋಸ್ಟ್‌ಗ್ರೆಸ್ 'ಅವನಿಗೆ ಬೇಕಲ್ಲ' ಎಂದು ಹಳೆಯ ಲಾಗ್ ಅನ್ನು ಉಳಿಸಿಕೊಳ್ಳುತ್ತಾ ಹೋಗುತ್ತದೆ. ಶುಕ್ರವಾರ ಸಂಜೆ ನಿಂತದ್ದನ್ನು ಯಾರೂ ಗಮನಿಸದಿದ್ದರೆ ಭಾನುವಾರ ಡಿಸ್ಕ್ ತುಂಬಿ, ಮುಖ್ಯ ಡೇಟಾಬೇಸೇ ನಿಲ್ಲುತ್ತದೆ. ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಿಂದ ಇದಕ್ಕೆ ಮಿತಿ ಹಾಕುವ ಸೌಲಭ್ಯವಿದೆ, ಆದರೆ ತಾನಾಗಿ ಜಾರಿಯಲ್ಲಿರುವುದಿಲ್ಲ. ಐದಾರು ಜನರ ತಂಡಕ್ಕೆ ನಾನು ಔಟ್‌ಬಾಕ್ಸನ್ನೇ ಹೇಳುತ್ತೇನೆ. ಕಾಫ್ಕಾ ಈಗಾಗಲೇ ಇರುವ, ಅದನ್ನು ನೋಡಿಕೊಳ್ಳಲೆಂದೇ ಜನ ಇರುವ ಕಡೆ ಡೆಬೀಜಿಯಂ ಹೊಂದುತ್ತದೆ.

ಬ್ಯಾಕಪ್ ಮರಳಿಸುವ ದಿನ

ಮುಖ್ಯ ಡೇಟಾಬೇಸ್ ಕೆಟ್ಟು ಎರಡು ಗಂಟೆಯ ಬ್ಯಾಕಪ್‌ಗೆ ಮರಳಿದಿರಿ ಎಂದುಕೊಳ್ಳಿ. ಎರಡನೆಯದು ಎರಡೂಕಾಲರಲ್ಲಿದೆ. ಆ ಹದಿನೈದು ನಿಮಿಷಗಳಲ್ಲಿ ಹುಟ್ಟಿದ ಸಾಮಾನುಗಳು ಒಂದು ಕಡೆ ಇವೆ, ಇನ್ನೊಂದು ಕಡೆ ಇಲ್ಲ. ಎರಡನೆಯದು ಬರೀ ಪ್ರತಿಯಾದರೆ ಅಳಿಸಿ ಮತ್ತೆ ಕಟ್ಟಿದರಾಯಿತು. ಅಲ್ಲಿಯೂ ಅಸಲಿದ್ದರೆ ಎರಡನ್ನೂ ಒಂದೇ ಗಳಿಗೆಗೆ ತರುವ ಸುಲಭದ ದಾರಿ ಇಲ್ಲ. ಬಳಕೆದಾರನೊಬ್ಬ 'ನನ್ನ ಮಾಹಿತಿ ಅಳಿಸಿ' ಎಂದಾಗಲೂ ಇದೇ ಕಥೆ: ಟೇಬಲ್, ಕ್ಯಾಶ್, ಹುಡುಕಾಟದ ಇಂಡೆಕ್ಸ್, ಕಾಫ್ಕಾದಲ್ಲಿ ಉಳಿದ ಸಂದೇಶ, ಎಲ್ಲ ಕಡೆಗೂ ಹೋಗಬೇಕು. ಹೊಸ ಡೇಟಾಬೇಸ್ ಸೇರಿಸುವ ಮುನ್ನ ಈ ಎರಡು ದಿನಗಳನ್ನು ಕಾಗದದ ಮೇಲೆ ಒಮ್ಮೆ ನಡೆಸಿ ನೋಡುವಂತೆ ನಾನು ತಂಡಗಳನ್ನು ಒತ್ತಾಯಿಸುತ್ತೇನೆ. ಅಲ್ಲಿಗೇ ಕೆಲವು ಪ್ರಸ್ತಾಪಗಳು ತಣ್ಣಗಾಗುತ್ತವೆ.

ನಮ್ಮ ದೆವ್ವಗಳಿಗೆ ಕೊನೆಗೆ ಏನಾಯಿತು ಎಂದರೆ, ಔಟ್‌ಬಾಕ್ಸ್ ಹಾಕಿದೆವು. ದೂರು ನಿಂತಿತು, ಕೆಲವು ವಾರಗಳ ಮೇಲೆ ಮತ್ತೊಂದು ಬಂತು. ನೋಡಿದರೆ, ಬೆಲೆ ತಿದ್ದಿದ ಚೀಟಿ ಒಬ್ಬ ಕೆಲಸಗಾರನ ಕೈಯಲ್ಲಿ ಮರುಪ್ರಯತ್ನಕ್ಕೆ ಕಾಯುತ್ತಿದ್ದಾಗ, ಅದೇ ಸಾಮಾನನ್ನು ಅಳಿಸಿದ ಚೀಟಿ ಇನ್ನೊಬ್ಬನ ಕೈಯಲ್ಲಿ ಮುಗಿದುಹೋಗಿತ್ತು. ಹಳೆಯ ಚೀಟಿ ತಡವಾಗಿ ಬಂದು, ತನ್ನೊಳಗಿದ್ದ ವಿವರದಿಂದ ಸತ್ತ ಸಾಮಾನಿಗೆ ಮತ್ತೆ ಜೀವ ಕೊಟ್ಟಿತ್ತು. ಹಳೆಯದು ಹೊಸದರ ಮೇಲೆ ಬರೆಯದಿರಲೆಂದು ಚೀಟಿಯ ಜೊತೆ ಆವೃತ್ತಿ ಸಂಖ್ಯೆ ಕಳಿಸುತ್ತಿದ್ದೆವು, ಆದರೆ ಅಳಿಸಿದ ದಾಖಲೆಯ ಆವೃತ್ತಿಯನ್ನು ಎಲಾಸ್ಟಿಕ್‌ಸರ್ಚ್ ಸಾಮಾನ್ಯವಾಗಿ 60 ಸೆಕೆಂಡ್ ಮಾತ್ರ ನೆನಪಿಡುತ್ತದೆ, ನಮ್ಮ ಚೀಟಿ ಕಾದದ್ದು ಅದಕ್ಕಿಂತ ಹೆಚ್ಚು. ಆಮೇಲೆ ಚೀಟಿಯಿಂದ ವಿವರ ತೆಗೆದು ಸಂಖ್ಯೆಯನ್ನಷ್ಟೇ ಉಳಿಸಿದೆವು. ಕೆಲಸಗಾರ ಆ ಸಂಖ್ಯೆ ಹಿಡಿದು ಟೇಬಲ್ಲಿಗೆ ಹೋಗಿ ಈಗಿನ ಸ್ಥಿತಿ ಓದುತ್ತಾನೆ, ಸಾಲು ಇಲ್ಲದಿದ್ದರೆ ಅಳಿಸುತ್ತಾನೆ. ಒಂದೇ ಸಾಮಾನಿನ ಚೀಟಿಗಳೆಲ್ಲ ಒಬ್ಬನೇ ಕೆಲಸಗಾರನಿಗೆ ಹೋಗುವಂತೆಯೂ ಮಾಡಿದೆವು. ರಾತ್ರಿಯ ಗುಡಿಸುವ ಸ್ಕ್ರಿಪ್ಟನ್ನು ಮಾತ್ರ ತೆಗೆಯಲಿಲ್ಲ. ಅದಕ್ಕೆ ಅಳಿಸುವ ಅಧಿಕಾರ ಕಿತ್ತು, ಎಣಿಸಿ ಬೆಳಿಗ್ಗೆ ಒಂದು ಅಂಕಿ ಕಳಿಸುವ ಕೆಲಸ ಕೊಟ್ಟೆವು. ಆ ಅಂಕಿ ಸೊನ್ನೆ ಅಲ್ಲದ ದಿನ ನಾನು ಬೇರೆ ಕೆಲಸ ಮುಟ್ಟುತ್ತಿರಲಿಲ್ಲ.